ಲೇಸರ್ ಪೆಟ್ಟಿಗೆಗೆ ಇಟ್ಟ ಕುಂಕುಮ

ಮೊಮ್ಮಕ್ಕಳೇ, ನಮ್ಮ ಕೊಟ್ಟಿಗೆಯ ಕ್ಯಾಮೆರಾದ ಬೆಳಕಿಗೂ ಅಂಗಳದ ಕಂಬದ ಪೆಟ್ಟಿಗೆಯ ಬೆಳಕಿಗೂ ಏನು ವ್ಯತ್ಯಾಸ ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ಸಂಕೋಚವಾಯಿತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಹಿಂದಿನ ಬೀದಿಯವರ ಹಸು ಕಳುವಾದ ಮೇಲೆ ನಿಮ್ಮಮ್ಮ ನಮ್ಮ ಸೀಮೆಹಸುವನ್ನೂ ಮಾರಿಬಿಡೋಣ ಎಂದಳು. ಬೆಳಿಗ್ಗೆ ಕೆಲಸಕ್ಕೆ ಬಂಗಾರಪೇಟೆಯಲ್ಲಿ ರೈಲು ಹಿಡಿಯುವವಳಿಗೆ ಕೊಟ್ಟಿಗೆ ಕಾಯುತ್ತಾ ಕೂರಲಾಗದು. ನನಗೆ ಆ ಹಸು ಬೇಕಿತ್ತು. ಬೇಕು ಎಂದು ಹೇಳಲಿಲ್ಲ, ಎರಡು ಹೊತ್ತು ಊಟ ಬಿಟ್ಟೆ. ಕಾವಲಿಗೆ ಏನಾದರೂ ಹಾಕಿಸುತ್ತೇನೆ, ಅದೂ ಆಗದಿದ್ದರೆ ದಲ್ಲಾಳಿಯನ್ನು ಕರೆಸುತ್ತೇನೆ ಎಂದಳು.

ಆಂಡರ್ಸನ್‌ಪೇಟೆಯಿಂದ ಎಲೆಕ್ಟ್ರಿಷಿಯನ್ ಬಂದ. ಕೊಟ್ಟಿಗೆಗೆ ಕ್ಯಾಮೆರಾ ಹಾಕಿದ. ಕತ್ತಲಲ್ಲೂ ಕಾಣಲೆಂದು ಅದರ ಗಾಜಿನ ಸುತ್ತ ಮಣಿ ಪೋಣಿಸಿದಂತೆ ಎಲ್‌ಇಡಿಗಳು. ಅಂಗಳದ ಬಾಗಿಲಿನ ಒಂದು ಕಂಬಕ್ಕೆ ಲೇಸರ್ ಡಯೋಡಿನ ಪೆಟ್ಟಿಗೆ, ಎದುರು ಕಂಬಕ್ಕೆ ಆ ಬೆಳಕನ್ನು ಹಿಡಿಯುವ ಪೆಟ್ಟಿಗೆ. ನಡುವೆ ಯಾರು ದಾಟಿ ಬೆಳಕು ತಡೆದರೂ ಸೈರನ್ ಕೂಗುತ್ತದೆ. ಎರಡೂ ಇನ್‌ಫ್ರಾರೆಡ್, ಕಣ್ಣಿಗೆ ಕಾಣುವುದಿಲ್ಲ ಎಂದ. ಕಾಣದ ಬೆಳಕಿಗೆ ಕರೆಂಟು ಯಾಕೆ ಸುಡಬೇಕೆಂದು ನಾನು ಕೇಳಲಿಲ್ಲ. ಕೂಗಿಸಿ ತೋರಿಸಿ ಹೋದ.

ಹೊಸ ವಸ್ತುವನ್ನು ಅರಿಶಿನ ಕುಂಕುಮ ಇಡದೆ ಬಳಸುವ ಮನೆಯಲ್ಲ ನಮ್ಮದು. ಫ್ರಿಜ್ಜಿಗೂ ಇಟ್ಟಿದ್ದೇವೆ. ಅದನ್ನು ಮುತ್ತೈದೆ ಇಡುವುದು ವಾಡಿಕೆ; ನಾನು ದೂರ ನಿಂತೆ, ನಿಮ್ಮಮ್ಮ ಇಟ್ಟಳು. ಕ್ಯಾಮೆರಾಕ್ಕೆ ಒಂದು, ಲೇಸರ್ ಪೆಟ್ಟಿಗೆಗೆ ನಡುಹಣೆಯಲ್ಲಿ ಒಂದು, ದಪ್ಪಗೆ.

ಸ್ವಿಚ್ ಹಾಕಿದ ಕೂಡಲೇ ಸೈರನ್ ಶುರುವಾಯಿತು. ಒಂದು ಕೋಳಿಯೂ ದಾಟಿರಲಿಲ್ಲ. ಆರಿಸಿ ಹಾಕಿದರೂ ಅದೇ ಕೂಗು. ಬೀದಿಯವರೆಲ್ಲ ಬಂದು ನೋಡಿ ಹೋದರು. ನಿಮ್ಮಮ್ಮ ಫೋನ್ ತೆಗೆದುಕೊಂಡಳು.

"ನಾಳೆ ಬಾರಣ್ಣ, ಹಸ ನೋಡ್ಕಂಡೋಗು," ಎಂದು ದಲ್ಲಾಳಿಗೆ ಹೇಳಿದಳು. ಪೆಟ್ಟಿಗೆ ಬಿಚ್ಚಿಕೊಂಡು ಹೋಗಲು ಎಲೆಕ್ಟ್ರಿಷಿಯನ್‌ಗೂ ಹೇಳಿದಳು.

ಮಾರನೆಯ ದಿನ ಮೊದಲು ಬಂದವನು ಎಲೆಕ್ಟ್ರಿಷಿಯನ್. ಪೆಟ್ಟಿಗೆ ನೋಡಿ ತಲೆಯ ಮೇಲೆ ಕೈಯಿಟ್ಟ.

"ಯಾರಕ್ಕಾ ಇದುಕ್ಕೆ ಕುಂಕುಮದ ಪೊಟ್ಟು ಇಕ್ಕಿದ್ದು?"

"ನಾನೇ. ಕ್ಯಾಮೆರಾಕೂ ಇಕ್ಕಿವ್ನಿ. ಅದು ಸುಮ್ಕೆ ಐತಲ್ಲ?"

"ಅದು ಎಲ್‌ಇಡಿ ಅಕ್ಕಾ. ಬೆಳಕು ನಾಕೂ ಕಡೆ ಅರಡ್ತದೆ. ಎರಡು ಮಣಿ ಮುಚ್ಚಿದ್ರೆ ಮಿಕ್ಕಿದ್ದು ಇರ್ತದೆ. ಇದು ಲೇಸರು. ಒಳಗಿರೋ ಸಣ್ಣ ಚಿಪ್ಪಿನ ಎರಡು ತುದೀನೂ ಕನ್ನಡಿ ತರ. ಬೆಳಕು ಒಳಗೇ ಓಗಿ ಬಂದು, ಓಗಿ ಬಂದು ಬಲ್ತು, ಒಂದೇ ಗೆರೆಯಾಗಿ ಆಚೆ ಬರ್ತದೆ. ಆ ಗೆರೆ ಮುಂದೇನೇ ಇಕ್ಕಿದೀರ!"

ನಾನು ಬಾಗಿಲ ಹಿಂದಿನಿಂದ ಕೇಳಿದೆ, "ಅದು ಅಂಗಳಕ್ಕೆ ನೀರು ಚಿಮುಕ್ಸಿದಂಗೆ, ಇದು ಹಾಲು ಕರೆದಂಗಾ? ಧಾರೆಗೆ ಬೆಳ್ಳು ಅಡ್ಡ ಇಟ್ರೆ ಚೆಂಬಿಗೆ ಬೀಳಲ್ಲ."

"ಅದೇ ಅಮ್ಮಾ, ಅದೇ!"

"ನಮ್ಮಮ್ಮ ಹೊರಗಿನವರತ್ರ ಇಷ್ಟು ಮಾತಾಡಿದ್ದ ನಾನು ನೋಡೇ ಇಲ್ಲ," ಎಂದಳು ನಿಮ್ಮಮ್ಮ. ನಾನು ಇನ್ನಷ್ಟು ಹಿಂದೆ ಸರಿದೆ.

ಅವನು ಪೆಟ್ಟಿಗೆ ಒರೆಸಿದ. ಅದರೊಳಗೆ ಇಣುಕಬೇಡಿ ಎಂದೂ ಹೇಳಿದ: ಬೆಳಕು ಕಾಣದಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಕಣ್ಣಿಗೆ ಪೆಟ್ಟಾದದ್ದು ಆಮೇಲೆ ಗೊತ್ತಾಗುತ್ತದೆ. ನೀವೂ ಇಣುಕಬೇಡಿ. ಸ್ವಿಚ್ ಹಾಕಿದ. ಸದ್ದಿಲ್ಲ. ಕ್ಯಾಮೆರಾದ ಕುಂಕುಮವನ್ನು ಯಾರೂ ಮುಟ್ಟಲಿಲ್ಲ.

ಆಗ ದಲ್ಲಾಳಿ ಟವೆಲ್ಲು ಕೊಡವಿಕೊಂಡು ಅಂಗಳಕ್ಕೆ ಕಾಲಿಟ್ಟ. ಸೈರನ್ ಅರಚಿತು. ಅವನು ಎಗರಿ ಬೀದಿಗೆ ಬಿದ್ದ.

"ಏನ್ ತಾಯಿ, ಕಳ್ಳ ಬಂದಂಗೆ ಕೂಗಿಸ್ತೀರಾ?"

ನಿಮ್ಮಮ್ಮ ಸೈರನ್ ಆರಿಸಿ, ಕೊಟ್ಟಿಗೆಯ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದಳು.

"ಹಸ ಕೊಡಲ್ಲಣ್ಣ. ಕಾಪಿ ಕುಡ್ಕಂಡೋಗು."

ಅವನು ಬೀದಿಯಲ್ಲೇ ನಿಂತು ಕುಡಿದ. ಕಾಫಿ ಬೆರೆಸಿದ್ದು ನಾನೇ, ಲೋಟ ವಾಪಸ್ ತರಲು ಹೋದದ್ದೂ ನಾನೇ. ಸಕ್ಕರೆ ಹೆಚ್ಚಾಯಿತು ಎಂದ.