ಎರಡು ವಿಸಿಲ್

ಕೊಟ್ಟಾರದ ಮೈದಾನದಲ್ಲಿ ಬೆಳಿಗ್ಗೆ ನಮ್ಮನ್ನು ಓಡಿಸುತ್ತಿದ್ದವರು ಸಿಟಿ ಬಸ್ಸಿನ ಒಬ್ಬ ಕಂಡಕ್ಟರ್. ಐವತ್ತರ ಆಸುಪಾಸಿನ ಹತ್ತು ಮಂದಿ ನಾವು. ಈ ತುದಿಯಿಂದ ಆ ತುದಿಗೆ ಜೀವ ಬಿಟ್ಟು ಓಡಬೇಕು, ಒಂದು ನಿಮಿಷದಲ್ಲಿ ನಡೆದು ವಾಪಸ್ ಬರಬೇಕು, ಕೂಡಲೇ ಮತ್ತೆ ಓಟ. ಹೀಗೆ ಎಂಟು ಸಲ. ಹೊರಡಲು ಅವರು ಬಸ್ಸಿನಲ್ಲಿ ಊದುವ ಹಾಗೆಯೇ ಎರಡು ವಿಸಿಲ್ ಊದುತ್ತಿದ್ದರು.

ವಾಪಸ್ ಬರುವುದರಲ್ಲಿ ನಾನು ಯಾವಾಗಲೂ ಕೊನೆ. ಶುಗರ್ ಬಂದ ಮೇಲೆ ಹೆಂಡತಿ ದೂಡಿ ಕಳಿಸಿದ ದೇಹ ಇದು.

"ನಿಮಿಷ ಆಯ್ತು, ಊದಿ. ರೆಸ್ಟ್ ಜಾಸ್ತಿಯಾದ್ರೆ ಪ್ರಯೋಜನ ಇಲ್ಲ" ಎಂದು ಜಿಮ್ಮಿನ ಅಭ್ಯಾಸವಿದ್ದ ಬ್ಯಾಂಕಿನವರೊಬ್ಬರು ಗೊಣಗುತ್ತಿದ್ದರು.

ಕಂಡಕ್ಟರ್, ಬಸ್ಸಿನ ಬಾಗಿಲಲ್ಲಿ ಜೋತಾಡುವವರಂತೆ ಒಂದು ಬದಿಗೆ ಬಾಗಿ ನನ್ನತ್ತ ನೋಡಿ, "ಹಿಂದೆ ಜನ ಉಂಟು ಮಾರಾಯ್ರೆ" ಎನ್ನುತ್ತಿದ್ದರು. ನಾನು ತಲುಪಿದ ಮೇಲೆಯೇ ವಿಸಿಲ್.

ಒಂದು ದಿನ ಬ್ಯಾಂಕಿನವರು, "ಊದಿದ್ದು ಸಾಕು, ನೀವೊಮ್ಮೆ ಓಡಿ ನೋಡಿ" ಎಂದರು. ಕಂಡಕ್ಟರ್ ವಿಸಿಲನ್ನು ನನ್ನ ಕೈಗೆ ಕೊಟ್ಟು ಓಡಿದರು. ಮೂರನೇ ಸಲಕ್ಕೆ ಎಲ್ಲರಿಗಿಂತ ಹಿಂದೆ ಬಿದ್ದರು. ನಿಮಿಷ ಕಳೆಯಿತು. ನಾನು ಊದಲಿಲ್ಲ.

"ಎಂತ ನೋಡ್ತೀರಿ? ಟೈಮಿಂಗ್ ಹೋಯ್ತು, ಊದಿ" ಎಂದು ಕಂಡಕ್ಟರ್ ದೂರದಿಂದಲೇ ಬೈದರು.

"ಹಿಂದೆ ಜನ ಉಂಟು" ಎಂದೆ.

ಮೊಣಕಾಲಿಗೆ ಕೈಯೂರಿ ನಗುತ್ತಾ ಅಲ್ಲೇ ನಿಂತುಬಿಟ್ಟರು. ಅವತ್ತಿನ ರೆಸ್ಟ್ ಐದು ನಿಮಿಷ ಹಿಡಿಯಿತು.