ಲಕ್ಷ್ಮಿದೇವಿ ಕುಗ್ಗಿಸಿದ ಸ್ಕ್ರೀನ್‌ಶಾಟ್

ಆಂಧ್ರದ ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಲಕ್ಷ್ಮಿದೇವಿಯಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಹಲ್ಲಿ ಲೊಚಗುಟ್ಟಿದರೂ ಕುರ್ಚಿ ಬಿಟ್ಟೇಳುವ ಜೀವ. ಒಂದೇ ಒಂದು ಕಂಪ್ಯೂಟರಿನ ಅಂಗಡಿ ಆಕೆಯದು. ಜನ ತಂದ ಫೋಟೋ, ಸ್ಕ್ರೀನ್‌ಶಾಟುಗಳನ್ನು ಸರ್ಕಾರಿ ವೆಬ್‌ಸೈಟು ನುಂಗುವಷ್ಟು ಸಣ್ಣದು ಮಾಡಿಕೊಡುವುದೇ ದಿನವಿಡೀ ಕೆಲಸ.

ಯಾರದೋ ಮಗಳ ಫೋಟೋ ತನ್ನಲ್ಲಿ ಉಳಿದು, ಎಲ್ಲೋ ಹರಿದಾಡಿ, ಕಡೆಗೆ ತನ್ನ ತಲೆಗೇ ಬಂದರೆ? ಆ ಹೆದರಿಕೆಗೆ ಆಕೆ ಫೋನಿನಿಂದ ಯಾವುದನ್ನೂ ಕಾಪಿ ಮಾಡುತ್ತಿರಲಿಲ್ಲ. ಕಟ್ ಮಾಡಿಯೇ ತರುವುದು, ಕುಗ್ಗಿಸಿ ಅದೇ ಹೆಸರಿನ ಮೇಲೆ ಉಳಿಸುವುದು, ಕಳಿಸಿದ ಮೇಲೆ ಅಳಿಸಿಬಿಡುವುದು. “ನಾ ಯಾರದೂ ಓದಂಗಿಲ್ಲ, ಇಟ್ಕೊಳ್ಳಂಗಿಲ್ಲ” ಎನ್ನುತ್ತಿದ್ದಳು. ಅದಕ್ಕೇ ಸುತ್ತಲಿನವರು ನಂಬಿ ಹೆಣ್ಣುಮಕ್ಕಳನ್ನು ಆಕೆಯ ಬಳಿಗೇ ಕಳಿಸುತ್ತಿದ್ದರು.

ಮಾಧವರಂ ಹಳ್ಳಿಯ ಮೌನಿಕಾ ಹಾಗೆ ಬಂದವಳು. ಹತ್ತಿ ಮಿಲ್ಲಿನಲ್ಲಿ ಕೆಲಸ. ಆಟೋ ಓಡಿಸುವ ಕೊಟ್ರೇಶ ಮದುವೆಯಾಗೆಂದು ಬೆನ್ನು ಹತ್ತಿದ್ದ. ಒಲ್ಲೆನೆಂದದ್ದಕ್ಕೆ ಒಂದು ಮೆಸೇಜು ಕಳಿಸಿ, ಸ್ವಲ್ಪ ಹೊತ್ತಿಗೆ ತಾನೇ ಅಳಿಸಿದ್ದ. ಅಷ್ಟರಲ್ಲಿ ಹುಡುಗಿ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದಳು. ಪೊಲೀಸರಿಗೆ ಆನ್‌ಲೈನಿನಲ್ಲಿ ದೂರು ಕೊಡಬೇಕು, ಚಿತ್ರ ದೊಡ್ಡದಾಯಿತೆಂದು ವೆಬ್‌ಸೈಟು ಒಪ್ಪುತ್ತಿಲ್ಲ.

ಲಕ್ಷ್ಮಿದೇವಿ ಕೇಬಲ್ ಹಾಕಿ ಚಿತ್ರ ತೆರೆದಳು. ಈ ಕಡೆಯವರು ಬರೆಯುವಂತೆ ಮಾತು ಕನ್ನಡ, ಅಕ್ಷರ ತೆಲುಗು. ಓದುವುದಿಲ್ಲ ಎನ್ನುವವಳು ಎಂದಿನಂತೆ ಓದಿಯೇ ಓದಿದಳು: ‘ಶುಕ್ರವಾರದೊಳಗ ಹೂಂ ಅನ್ನಲಿಲ್ಲಂದ್ರ ಮಿಲ್ಲಿನ ಗೇಟಿನಾಗss ಮುಖಕ್ಕ ಆಸಿಡ್ ಹಾಕ್ತೀನಿ.’ ಕಣ್ಣೆದುರಿನಿಂದ ಅದು ತೊಲಗಿದರೆ ಸಾಕೆಂದು ಗಡಿಬಿಡಿಯಲ್ಲಿ ಕುಗ್ಗಿಸಿ, ಉಳಿಸಿ, ಮುಚ್ಚಿಬಿಟ್ಟಳು.

ದೂರಿಗೆ ಸೇರಿಸುವ ಮುನ್ನ ಮತ್ತೆ ತೆರೆದು ನೋಡಿದರೆ ಅಕ್ಷರಗಳ ಜಾಗದಲ್ಲಿ ಬೂದು ಮಸಿ. ಹಿಗ್ಗಿಸಿದರೆ ಮಸಿಯೇ ಹಿಗ್ಗಿತು. ಫೋನಿನಲ್ಲಿ ಹುಡುಕಿದಳು, ಅಲ್ಲಿಂದ ಕಟ್ ಆಗಿತ್ತು. ಅಳಿಸಿದವುಗಳ ಡಬ್ಬಿಯಲ್ಲೂ ಇರಲಿಲ್ಲ.

“ಇನ್ನೊಂದು ಐತೇನವ್ವಾ?”

“ಇಲ್ಲಕ್ಕಾ, ಅದೊಂದss” ಎಂದ ಮೌನಿಕಾಳಿಗೆ ಆದದ್ದೇನೆಂದು ಹೊಳೆಯಿತು. ಅಳಲಿಲ್ಲ. ಬಾಗಿಲಾಚೆ ನೋಡಿದಳು. ಎದುರಿನ ಸ್ಟ್ಯಾಂಡಿನಲ್ಲಿ ಕೊಟ್ರೇಶ ಆಟೋಕ್ಕೆ ಒರಗಿ ಇತ್ತಲೇ ನೋಡುತ್ತಿದ್ದ.

“ಅಕ್ಕಾ, ನೀ ಓದಿದಿ ಅಲ್ಲಾ?”

ಇಲ್ಲ ಎಂಬ ಮಾತು ಲಕ್ಷ್ಮಿದೇವಿಯ ನಾಲಿಗೆಯ ತುದಿಗೇ ಬಂತು. ಓದಿದೆನೆಂದರೆ ಸಾಕ್ಷಿ ಹೇಳಬೇಕು. ನಾಳೆಯೂ ಶಟರ್ ಎತ್ತಬೇಕಾದವಳು ತಾನು, ಎದುರಿಗೆ ನಿಲ್ಲುವವನು ಅವನು. ಆಸಿಡ್ಡಿಗೆ ಮುಖ ಯಾರದಾದರೇನು? ಆದರೆ ಹುಡುಗಿಯನ್ನು ಬಿಟ್ಟರೆ ಆ ಮಾತು ಈಗ ಉಳಿದಿದ್ದು ತನ್ನ ತಲೆಯಲ್ಲೊಂದೇ, ಹುಡುಗಿಯ ಕೈಯಲ್ಲಿದ್ದುದನ್ನು ಅಳಿಸಿದವಳೂ ತಾನೇ.

“ಓದೀನಿ” ಎಂದಳು. ಹುಡುಗಿಯನ್ನು ಕರೆದುಕೊಂಡು ಹೊರಬಂದು ಶಟರ್ ಎಳೆದಳು.

ಇಬ್ಬರೂ ಕೈ ಹಿಡಿದು ಬೀದಿಗಿಳಿದಾಗ ಕೊಟ್ರೇಶ ನಗುತ್ತ ಆಟೋ ಅಡ್ಡ ತಂದ. “ಎಲ್ಲಿಗ್ರೀ ಅಕ್ಕಾರ? ಹತ್ರಿ, ಬಿಡ್ತೀನಿ.”

“ಪೊಲೀಸರ ಹತ್ರ ಹೊಂಟೀವಿ” ಎಂದಳು ಲಕ್ಷ್ಮಿದೇವಿ. “ನೀ ಈಕಿಗೆ ಬರದದ್ದು ನಾ ಓದೀನಿ.”

ಹೇಳಿ ನಿಲ್ಲದೆ ನಡೆದಳು. ನಿಂತಿದ್ದರೆ ಅಲ್ಲೇ ಬೀಳುತ್ತಿದ್ದಳು.