ಮೇಟಿಗೆ ಕಟ್ಟಿದ ಬಲೆ

ಆಗೆಲ್ಲ ನಮ್ಮ ಕಡೆ ಸುಗ್ಗಿ ಮುಗಿಯಿತು ಅಂದರೆ ಕಣ ಮಕ್ಕಳದ್ದು. ರಾಗಿ ಬಡಿದು, ತೂರಿ, ರಾಶಿ ಮನೆಗೆ ಹೋದ ಮೇಲೆ ಆ ಸಗಣಿ ನೆಲ ಮಳೆ ಬೀಳುವವರೆಗೂ ಬರಿದೇ ಬಿದ್ದಿರುತ್ತಿತ್ತು. ಕುಂಟೋಬಿಲ್ಲೆಗೆ ಅದಕ್ಕಿಂತ ನುಣುಪಾದ ಜಾಗ ಬೇರೆ ಇರಲಿಲ್ಲ. ನೀವೂ ಹಳ್ಳಿಯಲ್ಲಿ ಬೆಳೆದವರಾದರೆ ಆ ವಾಸನೆ ನಿಮಗೆ ಗೊತ್ತಿರುತ್ತದೆ, ಒಣಗಿದ ಸಗಣಿ, ರಾಗಿ ಹೊಟ್ಟು, ಬಿಸಿಲಿಗೆ ಕಾದ ಹುಲ್ಲು ಮೂರೂ ಸೇರಿದ್ದು. ಆದರೆ ನಮ್ಮ ಕಣದಲ್ಲಿ ಒಂದು ವರ್ಷ ಟೆನ್ನಿಸ್ ಆಡಿದರು. ಬರೀ ಟೆನ್ನಿಸ್ ಅಲ್ಲ, ದೇಶ ದೇಶಗಳು ಸೇರಿ ಆಡುವ ಡೇವಿಸ್ ಕಪ್. ಹೇಳಿದರೆ ಈಗ ಯಾರೂ ನಂಬುವುದಿಲ್ಲ.

ಯುದ್ಧ ಶುರುವಾಗುವುದಕ್ಕೆ ಹಿಂದಿನ ಸುಗ್ಗಿ ಅದು. ನನಗೆ ಒಂಬತ್ತೋ ಹತ್ತೋ ವಯಸ್ಸು. ನಮ್ಮೂರು ಗಾವಡಗೆರೆಗೆ ಹತ್ತಿರ. ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಗಿತ್ತು. ಯಾಕೆ ಅಂತ ಕೇಳಿದರೆ ಅವ್ವ ಎಮ್ಮೆಯ ವಿಷಯ ಹೇಳುತ್ತಿದ್ದಳು, ಚಿಕ್ಕವ್ವ ಬಾವಿಯ ವಿಷಯ ಹೇಳುತ್ತಿದ್ದಳು. ಹೊಲ, ಎತ್ತು, ಕೊಡ, ಕೊಪ್ಪರಿಗೆ ಎಲ್ಲ ಹಂಚಿಹೋಗಿ ಕಣ ಮತ್ತು ಅಜ್ಜಿ ಮಾತ್ರ ಉಳಿದಿದ್ದರು. ಅಜ್ಜಿ ಒಂದು ತಿಂಗಳು ನಮ್ಮ ಮನೆಯಲ್ಲಿ ಉಣ್ಣುತ್ತಿದ್ದಳು, ಒಂದು ತಿಂಗಳು ಅವರ ಮನೆಯಲ್ಲಿ. ಕಣಕ್ಕೆ ಯುಗಾದಿ ಹೊತ್ತಿಗೆ ನಡುವೆ ಬೇಲಿ ಹಾಕುವುದು ಅಂತ ಪಂಚಾಯ್ತಿಯಲ್ಲಿ ತೀರ್ಮಾನವಾಗಿತ್ತು. ಕಡಿದು ತಂದ ಜಾಲಿಮುಳ್ಳು ಕಣದ ಅಂಚಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಚಿಕ್ಕಪ್ಪನ ಮಗಳು ಪುಟ್ಟಿ ಮತ್ತು ನಾನು ಅದನ್ನು ನೋಡಿದಾಗಲೆಲ್ಲ ಬೇರೆ ಕಡೆ ತಿರುಗುತ್ತಿದ್ದೆವು.

ಅಣ್ಣತಮ್ಮಂದಿರಲ್ಲಿ ಮಾತು ನಿಂತಿತ್ತು. ಆದರೂ ಸುಗ್ಗಿಯ ಮುಂಚೆ ಇಬ್ಬರೂ ಸೇರಿಯೇ ಕಣ ಮಾಡಿದರು, ಬೇರೆ ದಾರಿ ಇರಲಿಲ್ಲ. ಸಗಣಿ ಬಗ್ಗಡ ಹುಯ್ದು ತೊಗರಿಕಡ್ಡಿ ಪೊರಕೆಯಲ್ಲಿ ಎಳೆಯುತ್ತಾ ಅಪ್ಪ ಮೂಡಲ ಕಡೆಯಿಂದ ಬಂದ, ಚಿಕ್ಕಪ್ಪ ಪಡುವಲ ಕಡೆಯಿಂದ ಬಂದ. ನಡುವೆ ಎತ್ತು ಕಟ್ಟುವ ಮೇಟಿ ಕಂಬದ ಹತ್ತಿರ ಎರಡು ಪೊರಕೆಯೂ ಮುಟ್ಟಿದವು. ಇಬ್ಬರೂ ತಲೆ ಎತ್ತದೆ ಹಿಂದಕ್ಕೆ ಹೋದರು.

ಈ ಇಬ್ಬರಿಗೆ ಟೆನ್ನಿಸ್ ಬಂದದ್ದು ಹುಣಸೂರಿನಿಂದ. ಹುಡುಗರಾಗಿದ್ದಾಗ ಅಲ್ಲಿ ಒಂದು ಕಾಫಿ ಕಾರ್ಖಾನೆಯಲ್ಲಿ ಕೂಲಿಗಿದ್ದರು. ಕಾರ್ಖಾನೆಯ ಟೆನ್ನಿಸ್ ಅಂಗಳಕ್ಕೂ ಸಗಣಿಯದೇ ನೆಲ. ಅದನ್ನು ಸಾರಿಸುವುದು, ಉರುಳೆ ಎಳೆಯುವುದು ಇವರ ಕೆಲಸ. ದೊರೆಗಳು ಇಲ್ಲದ ದಿನ ಗುಮಾಸ್ತರ ಜೊತೆ ಆಡಿ ಆಡಿ ಕಲಿತರು. ಅಪ್ಪ ಬೇಸಾಯಕ್ಕೆ ವಾಪಸು ಬಂದ. ಚಿಕ್ಕಪ್ಪ ಅಲ್ಲೇ ಉಳಿದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬರುವಾಗ ನಮಗೆ ಖಾರಾಸೇವೆ, ಜೊತೆಗೆ ಕೂದಲು ಉದುರಿದ ಹಳೇ ಚೆಂಡು. ಪೊಟ್ಟಣ ಪುಟ್ಟಿಯ ಕೈಗೆ ಕೊಟ್ಟು, ‘ಗೌರಿಗೂ ಕೊಡವ್ವ’ ಅನ್ನುತ್ತಿದ್ದ. ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ.

ಡೇವಿಸ್ ಕಪ್ಪಿನ ಸುದ್ದಿ ತಂದವರು ನಮ್ಮ ಮೇಷ್ಟ್ರು. ಅವರಿಗೆ ಯಾವಾಗಲೂ ಹಳೇ ಪೇಪರು ಸಿಗುತ್ತಿತ್ತು. ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ದೇಶದವರು ಹಡಗು ಹತ್ತಿ ಹೋಗಿ ಆಡಿ ಸೋತದ್ದು, ಗೆದ್ದವರಿಗೆ ಒಂದು ದೊಡ್ಡ ಬೆಳ್ಳಿ ಬೋಗುಣಿ ಕೊಡುವುದು ಎಲ್ಲ ಹೇಳಿದರು. ಗಾವಡಗೆರೆಯ ಕರಿಯಪ್ಪ ಅಲ್ಲೇ ಕೂತಿದ್ದ. ಅವನೂ ಅದೇ ಕಾರ್ಖಾನೆಯಲ್ಲಿ ಚೆಂಡು ಹೊಡೆದವನು, ಬಾಯಿ ಜೋರು.

‘ಅಂಗಾರೆ ನಮ್ಮೂರು ಒಂದ್ ದೇಸ, ನಿಮ್ಮೂರು ಒಂದ್ ದೇಸ ಆಗ್ಲಿ ಮೇಷ್ಟ್ರೇ’ ಅಂದ. ‘ಬೆಳ್ಳಿ ಬೋಗುಣಿ ಇಲ್ದಿದ್ರೆ ಕಂಚಿಂದು ನಾ ತತ್ತೀನಿ. ಆದ್ರೆ ನಿಮ್ಮೂರಲ್ಲಿ ಆಡೋಕೆ ಜನ ಎಲ್ಲವ್ರೆ? ಇರೋರ್ ಇಬ್ರೂ ಒಬ್ರ ಮಕ ಒಬ್ರು ನೋಡಕ್ಕಿಲ್ಲ.’

ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಕೇಳಿದಳು.

‘ಮೇಷ್ಟ್ರೇ, ಆ ಆಟದಲ್ಲಿ ವಯಸ್ಸಾದೋರ್ಗೆ ಏನಾರ ಕೆಲ್ಸ ಐತಾ?’

‘ಇದೆ ಕಣಮ್ಮ. ಆಡದೇ ಇರೋ ನಾಯಕ ಅಂತ ಒಬ್ಬರಿರ್ತಾರೆ. ಅಂಗಳದ ಒಳಗೇ ಕುರ್ಚಿ ಹಾಕ್ಕೊಂಡು ಕೂತ್ಕೊಂಡು, ಆಡೋರು ದಣಿದು ಬಂದಾಗ ಬುದ್ಧಿ ಹೇಳ್ತಾರೆ.’

‘ಅದ್ ನಂಗೆ ಇರ್ಲಿ’ ಅಂದಳು ಅಜ್ಜಿ. ‘ನನ್ ಮಕ್ಕಳಿಬ್ರೂ ಆಡ್ತಾರೆ. ಕಣ ಇನ್ನೂ ನಂದೇ.’

ತಾಯಿಯ ಮಾತಿಗೆ ಅಪ್ಪನೂ ಇಲ್ಲ ಅನ್ನಲಿಲ್ಲ, ಚಿಕ್ಕಪ್ಪನೂ ಇಲ್ಲ ಅನ್ನಲಿಲ್ಲ. ಪುಟ್ಟಿ ಆವತ್ತು ನನ್ನ ಕಿವಿಯಲ್ಲಿ, ‘ಗೆದ್ರೆ ಮಾತಾಡ್ತಾರೆ ಕಣೇ. ಮಾತಾಡಿದ್ರೆ ಬೇಲಿ ಹಾಕಕಿಲ್ಲ’ ಅಂದಳು. ನನಗೂ ಹಾಗೇ ಅನ್ನಿಸಿತು. ನಾವಿಬ್ಬರೂ ಊರಬಾಗಿಲ ಕಲ್ಲಿಗೆ ಹೂವಿಟ್ಟು ಬಂದೆವು.

ಪಂದ್ಯದ ಹಿಂದಿನ ದಿನ ಕಣವನ್ನು ಮತ್ತೆ ಸಾರಿಸಿದರು. ಚುಂಚನಕಟ್ಟೆಯಲ್ಲಿ ಮೀನು ಹಿಡಿಯುವವರ ಹತ್ತಿರ ಹಳೇ ಬಲೆ ತಂದಿದ್ದರು. ಮೇಟಿಯನ್ನು ಕೀಳಬಾರದು ಅಂತ ಅಜ್ಜಿ ಹಟ ಹಿಡಿದಳು, ಹಾಗಾಗಿ ಬಲೆಯನ್ನು ನಡುವೆ ಮೇಟಿಗೇ ಕಟ್ಟಿ ಎರಡು ತುದಿಯನ್ನು ಗೂಟಕ್ಕೆ ಎಳೆದರು. ಚೆಂಡು ಮೇಟಿಗೆ ಬಡಿದರೆ ಮತ್ತೆ ಆಡಬೇಕು ಅಂತ ಮೇಷ್ಟ್ರು ಕಾನೂನು ಮಾಡಿದರು. ರಾಗಿ ರಾಶಿಯ ಸುತ್ತ ಬೂದಿ ಗೆರೆ ಎಳೆಯುತ್ತಾರಲ್ಲ, ಅದೇ ಒಲೆಬೂದಿಯಲ್ಲಿ ಅವ್ವ ಮತ್ತು ಚಿಕ್ಕವ್ವ ಅಂಗಳದ ಗೆರೆ ಎಳೆದರು. ಮೊರ ಒಬ್ಬಳ ಕೈಯಲ್ಲಿ, ಹಗ್ಗ ಇನ್ನೊಬ್ಬಳ ಕೈಯಲ್ಲಿ.

ಬೆಳಿಗ್ಗೆ ಗಾವಡಗೆರೆಯಿಂದ ಬಂಡಿಗಳು ಬಂದವು. ಕರಿಯಪ್ಪನ ಜೊತೆಗಾರ ಒಬ್ಬ ಗುಮಾಸ್ತ, ಬಿಳೀ ಕ್ಯಾನ್ವಾಸ್ ಬೂಟು ಹಾಕಿದ್ದ. ಅಜ್ಜಿ ಬಲೆಯ ತುದಿಯ ಗೂಟದ ಪಕ್ಕ ಮಣೆಯ ಮೇಲೆ ಕೂತಿದ್ದವಳು ಕೋಲು ಅಡ್ಡ ಹಿಡಿದಳು.

‘ಎಕ್ಕಡ ಬುಟ್ಬುಟ್ ಬಾಪ್ಪ.’

‘ಇದು ಆಟದ್ದು ಕಣಮ್ಮ, ಎಲ್ಲಾ ದೇಶದಲ್ಲೂ ಹಾಕ್ಕೊಂಡೇ ಆಡ್ತಾರೆ.’

‘ಆ ದೇಸದೋರು ಅನ್ನ ಬಡಿಯೋ ಜಾಗದಲ್ಲಿ ಆಡ್ತಾರಾ? ಬುಡು.’

ಗುಮಾಸ್ತ ಬೂಟು ಬಿಟ್ಟ. ಬರಿಗಾಲಲ್ಲಿ ಅವನು ಬೆಂಕಿ ತುಳಿದವನ ಹಾಗೆ ಕುಣಿಯುವುದನ್ನು ನೋಡಿ ಜನ ನಕ್ಕರು.

ದೇಶದವರದು ಐದು ಆಟ, ನಮಗೆ ಮೂರು ಸಾಕು ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ಒಬ್ಬರ ಮೇಲೆ ಒಬ್ಬರದು ಎರಡು, ಇಬ್ಬರ ಮೇಲೆ ಇಬ್ಬರದು ಒಂದು. ಅವರು ಬಂಡಿಯ ಮೂಕಿಯ ಮೇಲೆ ಕೂತು ಅಂಕ ಎಣಿಸಿದರು. ಚಿಕ್ಕಪ್ಪನ ಹತ್ತಿರ ನರದ ಎಳೆ ಹೆಣೆದ ಬ್ಯಾಟು ಇತ್ತು, ಕಾರ್ಖಾನೆಯಲ್ಲಿ ಎಸೆದದ್ದನ್ನು ಕಟ್ಟಿಸಿಕೊಂಡದ್ದು. ಅವನು ಗುಮಾಸ್ತನನ್ನು ಸೋಲಿಸಿದ. ಅಪ್ಪನದು ಆಚಾರಿ ಮಾಡಿಕೊಟ್ಟ ಹಲಗೆ ಬ್ಯಾಟು. ಅವನು ಕರಿಯಪ್ಪನಿಗೆ ಸೋತ. ಉಳಿದದ್ದು ಇಬ್ಬರೂ ಸೇರಿ ಆಡುವ ಆಟ.

ಅಲ್ಲಿ ಕೆಟ್ಟಿತು. ಒಬ್ಬೊಬ್ಬರೇ ನೋಡಿದರೆ ಇಬ್ಬರೂ ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಚೆಂಡು ಇಬ್ಬರ ನಡುವೆ ಬಂದಾಗ ಯಾರು ತಗೋಬೇಕು ಅಂತ ಒಬ್ಬನಾದರೂ ಬಾಯಿಬಿಟ್ಟು ಹೇಳಬೇಕಲ್ಲ. ಹೇಳಲಿಲ್ಲ. ಅಪ್ಪ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಚಿಕ್ಕಪ್ಪ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಚೆಂಡು ನಡುವೆ ಬಿದ್ದು ಮುಳ್ಳಿನ ಗುಡ್ಡೆಯ ಕಡೆ ಉರುಳುತ್ತಿತ್ತು. ಕರಿಯಪ್ಪ ಬುದ್ಧಿವಂತ, ಎರಡೇ ಸಲಕ್ಕೆ ಗೊತ್ತು ಮಾಡಿಕೊಂಡ. ಆಮೇಲೆ ಪ್ರತಿ ಚೆಂಡನ್ನೂ ಅಲ್ಲಿಗೇ ಹೊಡೆದ.

‘ಪಾಲಲ್ಲಿ ನಡುಮಧ್ಯ ಯಾರ್ಗೂ ಬರ್ಲಿಲ್ವಾ ಗೌಡ್ರೇ’ ಅಂತ ಬೇರೆ ಕೂಗಿದ.

ಮೂರು ಸೆಟ್ಟಿನಲ್ಲಿ ಮೊದಲನೆಯದು ಹೋಯಿತು. ಇಬ್ಬರೂ ನೀರಿಗೆ ಅಜ್ಜಿಯ ಹತ್ತಿರ ಬಂದು, ಒಬ್ಬ ಆ ಕಡೆ ಒಬ್ಬ ಈ ಕಡೆ ನಿಂತರು. ನಾನೂ ಪುಟ್ಟಿಯೂ ಮಜ್ಜಿಗೆ ಚೆಂಬು ಹಿಡಿದು ಹಿಂದೆಯೇ ಇದ್ದೆವು, ಅದಕ್ಕೇ ಅಜ್ಜಿ ಹೇಳಿದ್ದು ಕೇಳಿಸಿತು. ಅವಳು ಬೈಯಲಿಲ್ಲ. ನೆಲ ನೋಡುತ್ತಾ ಮೆಲ್ಲಗೆ ಅಂದಳು.

‘ನಾ ಸತ್ತಾಗ ಚಟ್ಟ ಎತ್ತೋಕೂ ಇಂಗೇ ನಿಂತ್ಕತೀರಾ? ಅವ್ನು ಎತ್ಲಿ ಅಂತ ಇವ್ನು, ಇವ್ನು ಎತ್ಲಿ ಅಂತ ಅವ್ನು. ನಾನು ನಡುವೆ ಬಿದ್ದಿರ್ಲಾ?’

ಚಿಕ್ಕಪ್ಪ ಮಜ್ಜಿಗೆಯನ್ನು ಅರ್ಧ ಕುಡಿದು ಚೆಂಬು ನನ್ನ ಕೈಗೆ ಕೊಟ್ಟ. ನಾನು ಏನೂ ತೋಚದೆ ಅದೇ ಚೆಂಬನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಕುಡಿದ.

ಮತ್ತೆ ಆಟ ಶುರುವಾಯಿತು. ಕರಿಯಪ್ಪ ಮತ್ತೆ ನಡುವೆಯೇ ಹೊಡೆದ. ಆಗ ಅಪ್ಪನ ಗಂಟಲಿನಿಂದ ಒಡೆದ ಮಡಕೆಯಂಥ ದನಿ ಬಂತು, ‘ಬುಡ್ಲಾ ಚಿಕ್ಕೋನೆ, ನಂಗ್ ಬುಡು.’

ಚಿಕ್ಕಪ್ಪ ಬಿಟ್ಟ. ಅಪ್ಪ ಹಲಗೆಯಲ್ಲಿ ಬಡಿದದ್ದು ಗುಮಾಸ್ತನ ಕಾಲ ಸಂದಿಯಲ್ಲಿ ಹೋಯಿತು. ಮುಂದಿನದಕ್ಕೆ ಚಿಕ್ಕಪ್ಪ, ‘ನೀ ಇರಣ್ಣ, ನಾ ಅವ್ನಿ’ ಅಂದ. ಅಷ್ಟೇ. ಆಮೇಲೆ ಅವರಿಬ್ಬರೂ ಆಡುವುದನ್ನು ನೋಡಬೇಕಿತ್ತು. ಪುಟ್ಟಿ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳು ಅಂದರೆ ಬಳೆ ಒಡೆಯಿತು. ಉಳಿದೆರಡು ಸೆಟ್ಟನ್ನೂ ನಾವು ಗೆದ್ದೆವು. ಕರಿಯಪ್ಪನೇ ಬೋಗುಣಿ ತಂದು ಅಜ್ಜಿಯ ಮಡಿಲಿಗಿಟ್ಟ. ‘ತಗಳವ್ವ, ನೀನೇ ಗೆದ್ದೋಳು’ ಅಂದ. ಅದನ್ನು ಯಾರ ಮನೆಯಲ್ಲಿ ಇಡುವುದು ಅನ್ನುವ ಪ್ರಶ್ನೆ ಬರಲೇ ಇಲ್ಲ. ಅಜ್ಜಿ ಹೋದ ಕಡೆ ಬೋಗುಣಿ ಹೋಯಿತು. ಅವಳು ಅದರಲ್ಲೇ ಮುದ್ದೆ ಉಂಡಳು.

ಯುಗಾದಿ ಎಣ್ಣೆನೀರಿನ ದಿನ ಅಪ್ಪ ಜಾಲಿಮುಳ್ಳನ್ನು ಕಡಿದು ಕಡಿದು ಹಂಡೆಯ ಒಲೆಗೆ ತುಂಬಿದ. ಅಜ್ಜಿ ಆ ನೀರಲ್ಲಿ ಮಿಂದಳು.

ಆದರೆ ಒಂದು ವಿಚಿತ್ರ ನಡೆಯಿತು. ಅವರು ಮಾತಾಡಿದ್ದು ಕಣದಲ್ಲಿ ಮಾತ್ರ. ವಾರಕ್ಕೊಮ್ಮೆ ಸಂಜೆ ಇಬ್ಬರೇ ಬಲೆಯ ಆಚೆ ಈಚೆ ನಿಂತು ಚೆಂಡು ಹೊಡೆಯುತ್ತಾ ಎಲ್ಲ ಮಾತಾಡುತ್ತಿದ್ದರು. ‘ನಿನ್ನೆಂಡ್ತಿ ಜ್ವರ ಎಂಗೈತೆ?’ ಟಪ್ಪನೆ ಚೆಂಡು. ‘ವಾಸಿ ಅಣ್ಣ. ಕೆರೆಗದ್ದೆಗೆ ಯಾವ್ ಬತ್ತ ಬುಡ್ತೀಯ?’ ಮತ್ತೆ ಟಪ್ಪನೆ. ಬೂದಿ ಗೆರೆ ದಾಟಿ ಹೊರಗೆ ಬಂದರೆ ಮತ್ತೆ ಮೂಗರು, ಒಬ್ಬ ಈ ಓಣಿ, ಒಬ್ಬ ಆ ಓಣಿ. ಪಂಚಾಯ್ತಿಯಲ್ಲಿ ಆಡಿದ ಮಾತುಗಳು ಮನೆಬಾಗಿಲಲ್ಲಿ ಇನ್ನೂ ಕಾಯುತ್ತಿದ್ದವೇನೋ. ನಾಚಿಕೆಯೋ, ಬಿಗುಮಾನವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮುಂಗಾರು ಬಂತು. ಕಣ ಕರಗಿತು, ಮೇಟಿಯ ಬುಡದಲ್ಲಿ ಗರಿಕೆ ಎದ್ದಿತು, ಬಲೆ ಅಟ್ಟ ಸೇರಿತು. ಇನ್ನು ಸುಗ್ಗಿಗೆ ಅಂತ ಇಬ್ಬರೂ ಸುಮ್ಮನಾದರು.

ಆ ಮಳೆಗಾಲದಲ್ಲೇ ಯುದ್ಧ ಶುರುವಾಯಿತು. ಕಾರ್ಖಾನೆಯಲ್ಲಿ ಕೆಲಸ ಕಮ್ಮಿಯಾಗಿ ಜನರನ್ನು ಬಿಟ್ಟರು. ಚಿಕ್ಕಪ್ಪ ಸೈನ್ಯದ ಪಟಾಲಮ್ಮಿಗೆ ಸೇರಿದ. ಹೊರಡುವ ಹಿಂದಿನ ದಿನ ಪುಟ್ಟಿಯ ಕೈಯಲ್ಲಿ ನರದ ಬ್ಯಾಟನ್ನು ನಮ್ಮ ಮನೆಗೆ ಕಳಿಸಿದ. ‘ದೊಡ್ಡಪ್ಪ, ನಮ್ಮಪ್ಪ ಸುಗ್ಗಿಗೆ ರಜಾ ಆಕ್ಕಂಡ್ ಬತ್ತಾನಂತೆ. ಇಲಿ ಕಡೀದಂಗೆ ಮಡಗಬೇಕಂತೆ’ ಅಂದಳು ಅವಳು. ಅಪ್ಪ ಅದನ್ನು ತೊಲೆಗೆ ನೇತುಹಾಕಿದ.

ಬಿಳಿಕೆರೆಗೆ ಬಂಡಿ ಹೊಡೆದುಕೊಂಡು ಹೋದವನು ಅಪ್ಪನೇ. ಯಾರೂ ಹೇಳಿರಲಿಲ್ಲ, ಬೆಳಿಗ್ಗೆ ಎದ್ದು ಎತ್ತು ಕಟ್ಟಿ ಅವರ ಬಾಗಿಲಲ್ಲಿ ನಿಲ್ಲಿಸಿದ್ದ. ಹಿಂದೆ ಚಿಕ್ಕಪ್ಪ, ಅಜ್ಜಿ, ನಾವಿಬ್ಬರು. ಹೊಲಗಳಲ್ಲಿ ರಾಗಿ ತೆನೆ ಬಲಿತು ಬಾಗಿತ್ತು, ಕಣ ಮಾಡಲು ಇನ್ನೇನು ತಿಂಗಳು. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತಾಡಲಿಲ್ಲ. ಬಸ್ಸು ಬಂತು. ಅಪ್ಪ ಟ್ರಂಕನ್ನು ಹೊತ್ತು ಮೇಲೆ ಹಾಕಿದ. ಚಿಕ್ಕಪ್ಪ ಅಪ್ಪನ ಕಾಲಿಗೆ ಬಗ್ಗಿದ. ಅಪ್ಪನ ಕೈ ಅವನ ಬೆನ್ನಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಡ್ರೈವರು ಹಾರನ್ ಹೊಡೆದ.

ವಾಪಸು ಬರುವಾಗ ಅಪ್ಪ ಎತ್ತುಗಳ ಜೊತೆ ಮಾತಾಡುತ್ತಲೇ ಇದ್ದ. ಎಲಾ, ನೋಡ್ಕಂಡ್ ನಡೀರಲಾ, ಹಳ್ಳ ಐತೆ, ಉಸಾರು. ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆ ಸುಗ್ಗಿಗೆ ರಜೆ ಸಿಗಲಿಲ್ಲ. ಮುಂದಿನ ಸುಗ್ಗಿಗೂ ಸಿಗಲಿಲ್ಲ. ಆಮೇಲೆ ಚಿಕ್ಕಪ್ಪನನ್ನು ಸಮುದ್ರದಾಚೆಗೆ ಕಳಿಸಿದರು. ಮೇಷ್ಟ್ರ ಪೇಪರಿನಲ್ಲಿ ಕಪ್ಪಿನ ಸುದ್ದಿಯೂ ಇರಲಿಲ್ಲ, ದೇಶಗಳೆಲ್ಲ ಆಟ ನಿಲ್ಲಿಸಿದ್ದವು. ಅಜ್ಜಿ ಮಾತ್ರ ಪ್ರತಿ ವರ್ಷ ಕಣ ಮಾಡಿದ ದಿನ ಮಣೆ ಹಾಕಿಕೊಂಡು ಮೇಟಿಯ ಹತ್ತಿರ ಕೂರುತ್ತಿದ್ದಳು. ಹಾಗೇ ಒಂದು ವರ್ಷ ತೀರಿಕೊಂಡಳು. ಚಟ್ಟ ಎತ್ತುವಾಗ ಮುಂದಿನ ಎಡಗಡೆಗೆ ಯಾರೋ ಬಂದರು. ಅಪ್ಪ, ‘ಅದು ಚಿಕ್ಕೋನ್ ಜಾಗ’ ಅಂದ. ಜನ ಹಿಂದೆ ಸರಿದರು. ಎತ್ತುವವರಿಲ್ಲದೆ ಚಟ್ಟ ಅಲ್ಲೇ ನಿಂತಿತು. ಸಾವಿನ ಸುದ್ದಿ ಕೇಳಿ ಗಾವಡಗೆರೆಯಿಂದ ಓಡಿಬಂದಿದ್ದ ಕರಿಯಪ್ಪ ಅಪ್ಪನ ಮುಖ ನೋಡಿ, ‘ಅವ್ನು ಬರಗಂಟ ನಾ ಹಿಡಿದಿರ್ತೀನಿ ಕಣಣ್ಣ’ ಅಂತ ಹೆಗಲು ಕೊಟ್ಟ.

ಚಿಕ್ಕಪ್ಪ ಬರಲಿಲ್ಲ. ಯುದ್ಧ ಮುಗಿದ ಮೇಲೆ ಅವನ ಜೊತೆ ಶತ್ರುಗಳ ಸೆರೆಯಲ್ಲಿದ್ದ ಒಬ್ಬರು ಬಂದು, ಅಲ್ಲಿಯೇ ಜ್ವರದಲ್ಲಿ ಹೋದ ಅಂತ ಹೇಳಿದರು. ಚಿಕ್ಕವ್ವ ಪುಟ್ಟಿಯನ್ನು ಕರೆದುಕೊಂಡು ಕೃಷ್ಣರಾಜನಗರದ ತವರಿಗೆ ಹೋದಳು. ಹೊಲ ನೀವೇ ಮಾಡಿ ಭಾವ, ಅಂದಳಂತೆ.

ಈಗ ನಾನು ಪಿರಿಯಾಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಪೇಪರಿನಲ್ಲಿ ಟೆನ್ನಿಸ್ ಬಂದರೆ ಬಿಡದೆ ಓದುತ್ತೇನೆ, ಆಟದ ಕಾನೂನನ್ನೆಲ್ಲ ಹಾಗೇ ಓದಿ ಓದಿ ಕಲಿತೆ. ದೇಶಗಳು ಮತ್ತೆ ಆಡಲು ಶುರು ಮಾಡಿವೆ. ಮೊನ್ನೆ ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಅಪ್ಪ, ‘ಇಬ್ರೂ ಸೇರಿ ಆಡೋ ಆಟದಲ್ಲಿ ಅವ್ರು ಮಾತಾಡ್ಕಂಡ್ ಆಡಿದ್ರಂತಾ?’ ಅಂದ.

‘ಅದೆಲ್ಲ ಪೇಪರಲ್ಲಿ ಬರೆದಿರಲ್ಲ ಕಣಪ್ಪ.’

‘ಬರೀಬೇಕು’ ಅಂದ ಅಪ್ಪ.

ಬೋಗುಣಿ ನಮ್ಮ ಮನೆಯಲ್ಲಿದೆ, ಬ್ಯಾಟು ತೊಲೆಯಲ್ಲಿದೆ, ನರಗಳೆಲ್ಲ ಸಡಿಲವಾಗಿವೆ. ಕಣವೂ ಒಂದೇ ಆಗಿ ಉಳಿದಿದೆ, ನಾನೂ ಪುಟ್ಟಿಯೂ ಹೂವಿಟ್ಟು ಕೇಳಿಕೊಂಡ ಹಾಗೆಯೇ. ಬೇಲಿ ಹಾಕಿಕೊಳ್ಳಲು ಆ ಕಡೆ ಯಾರೂ ಇಲ್ಲ. ಅಪ್ಪ ಈಗಲೂ ಸುಗ್ಗಿಯ ಮುಂಚೆ ಮೂಡಲ ಕಡೆಯಿಂದ ಬಗ್ಗಡ ಎಳೆಯುತ್ತಾ ಬರುತ್ತಾನೆ. ಮೇಟಿಯ ಹತ್ತಿರ ಬಂದಾಗ ಪೊರಕೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡು ನಿಂತಿರುತ್ತಾನೆ, ಎದುರಿನಿಂದ ಇನ್ನೊಂದು ಪೊರಕೆ ಬಂದು ಮುಟ್ಟಬೇಕು ಅನ್ನುವ ಹಾಗೆ. ಆಮೇಲೆ ಸುತ್ತಿಕೊಂಡು ಹೋಗಿ, ಪಡುವಲ ತುದಿಯಿಂದ ಚಿಕ್ಕಪ್ಪನ ಅರ್ಧವನ್ನು ಶುರು ಮಾಡುತ್ತಾನೆ.